ಗೃಹದೀಪದ ಯೋಗಕ್ಷೇಮ

ಮನೆಯಲ್ಲಿ ದೀಪವು ಉರಿಯುತ್ತಿರುವವರೆಗೆ ಅದರ ವಿಷಯದಲ್ಲಿ ಯಾರೂ ವಿಚಾರಮಾಡುವುದಿಲ್ಲ; ಅದು ಆರಿದೊಡನೆಯೇ ವಿಚಾರವು ಹುಟ್ಟುತ್ತದೆ. ವೈಶಾಖಮಾಸದ ಸಂಜೆ ಭರಮಸಾಗರದ ಮೇಲೆ ಕಾರ್ಮೋಡವೇರಿ, ಮೊದಲು ಧೂಳು, ಬಳಿಕ ಬಿರುಗಾಳಿ, ಅದರ ಬೆನ್ನಿಗೆ ಆಲಿಕಲ್ಲು ಬಂದಿತೆಂದರೆ, ನಾಲ್ಕು ಹನಿ ನೆಲಕ್ಕೆ ಬೀಳುವುದರೊಳಗಾಗಿ ಊರೆಲ್ಲ ಕತ್ತಲಾಗುವುದುಂಟು. ಹೊಲದ ಬದುವಿನ ಬೇವಿನ ಕೊಂಬೆಯೊಂದು ತಂತಿಯ ಮೇಲೆ ಮುರಿದು ಬಿದ್ದಿರಬಹುದು. ಸಡಿಲವಾದ ನೆಲದಲ್ಲಿ ನೆಟ್ಟ ಕಂಬವು ಒರಗಿರಬಹುದು. ಹಾಸಿಗೆ ಹಿಡಿದ ಮುದುಕಿಯ ತಲೆಯ ಮೇಲಿನ ಫ್ಯಾನು ನಿಲ್ಲುತ್ತದೆ. ನೀರಿನ ತೊಟ್ಟಿಯು ತುಂಬುವುದಿಲ್ಲ. ಆಗ ಗೃಹಸ್ಥನ ಬಾಯಿಂದ ಮೊದಲು ಹೊರಡುವ ಮಾತು, “ಕರೆಂಟು ಯಾವಾಗ ಬರುತ್ತದೆ?” ಎಂಬುದು. ಎರಡನೆಯದು ದೂಷಣೆ. ಈ ಎರಡು ಮಾತುಗಳ ನಡುವೆ ಒಂದು ಧರ್ಮಪ್ರಶ್ನೆಯು ಅಡಗಿದೆ. ಪರರ ಕೈಯಲ್ಲಿರುವ ಶಕ್ತಿಯನ್ನು ಮನುಷ್ಯನು ಎಷ್ಟರಮಟ್ಟಿಗೆ ನೆಚ್ಚಬಹುದು? ನೆಚ್ಚಿದವನಿಗೂ ನೆಚ್ಚಿಸಿಕೊಂಡವನಿಗೂ ಇರತಕ್ಕ ಋಣವೇನು?

ಇಲ್ಲಿ ಮೊದಲನೆಯ ಪೂರ್ವಪಕ್ಷವು ಹೀಗಿದೆ. ಪರಾಧೀನತೆಯು ದುಃಖಕ್ಕೆ ಮೂಲವೆಂದು ಸ್ಮೃತಿಕಾರರು ಎಚ್ಚರಿಸಿದ್ದಾರೆ. ಹಿರಿಯರು ಹರಳೆಣ್ಣೆಯ ಹಣತೆಯಲ್ಲಿ ಓದಿದರು. ಅವರ ದೀಪವನ್ನು ಗಾಳಿಯಲ್ಲದೆ ಬೇರಾರೂ ಆರಿಸಲಾರರಾಗಿದ್ದರು. ಆದುದರಿಂದ ವಿದ್ಯುತ್ತನ್ನು ನೆಚ್ಚಿದವನು ತನ್ನ ಸ್ವಾತಂತ್ರ್ಯವನ್ನು ತಾನಾಗಿಯೇ ಮಾರಿಕೊಂಡನೆಂದು ಕೆಲವರ ಮತ.

ಈ ವಾದವು ಕೇಳುವುದಕ್ಕೆ ಹಿತವಾಗಿದ್ದರೂ ವಿಚಾರಕ್ಕೆ ನಿಲ್ಲುವುದಿಲ್ಲ. ಹಣತೆಯ ಎಣ್ಣೆಗೆ ಗಾಣಿಗನು ಬೇಕು, ಗಾಣಿಗನಿಗೆ ಹರಳು ಬೇಕು, ಹರಳಿಗೆ ಮಳೆ ಬೇಕು. ಚಿತ್ರದುರ್ಗದ ಸೀಮೆಯಲ್ಲಿ ಮಳೆಗಿಂತ ನೆಚ್ಚಲಾಗದ ವಸ್ತುವು ಮತ್ತಾವುದಿದ್ದೀತು? ಮಳೆಯನ್ನು ನೆಚ್ಚಲಾಗದೆಂದೇ ದುರ್ಗದ ಪಾಳೆಯಗಾರರು ಕೆರೆಗಳನ್ನು ಕಟ್ಟಿಸಿದರು. ಭರಮಣ್ಣನಾಯಕನ ಹೆಸರನ್ನು ಹೊತ್ತ ಭರಮಸಾಗರದ ಕೆರೆಯೇ ಇದಕ್ಕೆ ದೃಷ್ಟಾಂತ. ಬಂದ ವರ್ಷದ ನೀರನ್ನು ಬಾರದ ವರ್ಷಕ್ಕೆ ಹಿಡಿದಿಡುವುದೇ ಕೆರೆಯ ಅರ್ಥ. ಆದರೆ ಆ ಕೆರೆಗೂ ಮಳೆಯು ಸಾಲದೆ, 2021ನೆಯ ಇಸವಿಯಲ್ಲಿ ಏತ ನೀರಾವರಿಯ ಮೂಲಕ ತುಂಗಭದ್ರೆಯ ನೀರನ್ನು ಅದಕ್ಕೆ ತರಬೇಕಾಯಿತು. ನದಿಯಿಂದ ಆ ನೀರನ್ನು ಎತ್ತುವುದು ವಿದ್ಯುತ್ತು. ನೆಚ್ಚಿಕೆಯ ಸರಪಳಿಯು ಹೀಗೆ ಕೆರೆಯಿಂದ ತಂತಿಗೆ ಬಂದಿತೇ ಹೊರತು ಕಡಿದುಹೋಗಲಿಲ್ಲ. ಯಾರನ್ನೂ ನೆಚ್ಚದೆ ಬದುಕಿದವರು ಹಿಂದೆಯೂ ಇರಲಿಲ್ಲ, ಇಂದೂ ಇಲ್ಲ.

ಕೂಡಿರುವುದರಲ್ಲಿ ಅಪಾಯವಿಲ್ಲವೆಂದು ಇದರ ಅರ್ಥವಲ್ಲ. 2012ನೆಯ ಇಸವಿ ಜುಲೈ 30 ಮತ್ತು 31ರಂದು ಉತ್ತರಭಾರತದ ವಿದ್ಯುಜ್ಜಾಲವು ಕುಸಿದು ಕೋಟ್ಯಂತರ ಮಂದಿಗೆ ಕತ್ತಲಾದಾಗ ದಕ್ಷಿಣದೇಶವು ಉಳಿದುಕೊಂಡಿತು; ಏಕೆಂದರೆ ದಕ್ಷಿಣದ ಜಾಲವು ಆಗ ಉತ್ತರದ ಜಾಲದೊಡನೆ ಏಕಲಯದಲ್ಲಿ ಬೆಸೆದಿರಲಿಲ್ಲ. ಮರುವರ್ಷದ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ಮಾರ್ಗದಿಂದ ಎರಡೂ ಒಂದಾದುವು. ಇನ್ನು ಮೇಲೆ ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು; ಒಂದರ ರೋಗವು ಇನ್ನೊಂದಕ್ಕೆ ತಗಲಲೂಬಲ್ಲದು. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಈ ಗುಣದೋಷಗಳನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಪೂರ್ವಪಕ್ಷವು ಮೊದಲನೆಯದಕ್ಕೆ ವಿರುದ್ಧವಾದುದು. ಹಣ ತೆತ್ತವನಿಗೆ ದೀಪವು ಸಲ್ಲತಕ್ಕದ್ದು. ಗಾಳಿ, ಮಳೆ, ಸಿಡಿಲು ಎಂಬ ಸಬೂಬುಗಳು ಅವನಿಗೆ ಬೇಡ ಎಂದು ಈ ಪಕ್ಷದವರು ಹೇಳುತ್ತಾರೆ. ಇದರಲ್ಲಿ ಅರ್ಧಸತ್ಯವಿದೆ. ಶಾಸ್ತ್ರಜ್ಞರು ಯೋಗವೆಂದೂ ಕ್ಷೇಮವೆಂದೂ ಎರಡನ್ನು ಬೇರ್ಪಡಿಸುತ್ತಾರೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಯೋಗವು ಬೇಗನೆ ಒದಗಿತು. 1902ರಲ್ಲಿ ಶಿವನಸಮುದ್ರದ ಶಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಮೊದಲು ಗಣಿ, ಬಳಿಕ ಬೀದಿ. ಹಳ್ಳಿಯ ಮನೆಯ ಸರದಿಯು ಬಹುಕಾಲದ ಮೇಲೆ ಬಂದಿತು. ಯೋಗಕ್ಕೆ ಉತ್ಸವವುಂಟು, ಶಿಲಾಶಾಸನವುಂಟು. ಕ್ಷೇಮಕ್ಕೆ ಇವೊಂದೂ ಇಲ್ಲ. ಮುಂಗಾರಿಗೆ ಮೊದಲು ತಂತಿಯ ಬಳಿಯ ಕೊಂಬೆಗಳನ್ನು ಸವರಿಸುವುದು, ಒರಗಿದ ಕಂಬವನ್ನು ನೆಟ್ಟಗೆ ನಿಲ್ಲಿಸುವುದು, ಒಡೆದ ಪಿಂಗಾಣಿಯನ್ನು ಬದಲಾಯಿಸುವುದು, ಇವು ಯಾರ ಕಣ್ಣಿಗೂ ಬೀಳದ ಕಾರ್ಯಗಳು. ಹಣ ತೆತ್ತವನು ಇಂತಹ ಕ್ಷೇಮವನ್ನು ಕೇಳುವುದು ನ್ಯಾಯ. ಬಿರುಗಾಳಿಯೇ ಬೀಸಬಾರದೆಂದು ಕೇಳಿದಂತೆ ವರ್ತಿಸುವುದು ನ್ಯಾಯವಲ್ಲ.

ಭರಮಸಾಗರವು ಸಮುದ್ರಕ್ಕೆ ದೂರ. ಚಂಡಮಾರುತದ ಪೂರ್ಣಪ್ರತಾಪವನ್ನು ಅದು ಕಾಣದು. ಕಂಡ ನಗರಗಳ ಸಂಗತಿಯು ಈ ವಿಚಾರಕ್ಕೆ ಉಪಯುಕ್ತವಾಗಿದೆ. 2019ರ ಮೇ 3ರಂದು ಫನಿ ಎಂಬ ಚಂಡಮಾರುತವು ಪುರಿಯ ಬಳಿ ಎರಗುವುದಕ್ಕೆ ಮುಂಚೆಯೇ ಒಡಿಶಾ ಸರ್ಕಾರದವರು 10 ಲಕ್ಷಕ್ಕೂ ಮಿಕ್ಕ ಜನರನ್ನು ಸುರಕ್ಷಿತವಾದ ಎಡೆಗಳಿಗೆ ಸಾಗಿಸಿದರು. ಜನರನ್ನು ಸಾಗಿಸಬಹುದು, ಕಂಬಗಳನ್ನು ಸಾಗಿಸಲಾಗದು. ಪುರಿ, ಭುವನೇಶ್ವರಗಳಲ್ಲಿ ಕತ್ತಲೆಯು ಅನೇಕ ದಿನ ನಿಂತಿತು. ಬಡದೇಶಕ್ಕೆ ಮಾತ್ರ ಈ ಗತಿಯೆಂದು ಭಾವಿಸಲಾಗದು. ಕನ್ನಡ ಕುಟುಂಬಗಳು ಹಲವು ನೆಲೆಸಿರುವ ಅಮೆರಿಕದ ಹ್ಯೂಸ್ಟನ್ ನಗರಕ್ಕೆ 2024ರ ಜುಲೈ 8ರಂದು ಬೆರಿಲ್ ಎಂಬ ಚಂಡಮಾರುತವು ಬಂದಿತು. ಐದು ದರ್ಜೆಗಳಲ್ಲಿ ಅದು ಕೊನೆಯ ದರ್ಜೆಯದು. ಆದರೂ ಮರಗಳು ತಂತಿಗಳ ಮೇಲೆ ಬಿದ್ದು 20 ಲಕ್ಷಕ್ಕೂ ಮಿಕ್ಕ ಮನೆ ಅಂಗಡಿಗಳಿಗೆ ವಿದ್ಯುತ್ತು ನಿಂತುಹೋಯಿತು. ಕೆಲವರಿಗೆ ವಾರ ಕಳೆದರೂ ಬರಲಿಲ್ಲ. ಗಾಳಿಯನ್ನು ತಪ್ಪಿಸಿಕೊಂಡು ಉಳಿದವರಲ್ಲಿ ಕೆಲವರು ಆ ಬಳಿಕದ ಸೆಕೆಯಿಂದ ಸತ್ತರು. ಹೀಗಿರಲಾಗಿ ದೀಪದ ನೆಚ್ಚಿಕೆಯು ಸುಖದ ವಿಷಯವೆಂದು ಯಾರೂ ಹಗುರಮಾಡಬಾರದು. ಅದು ಪ್ರಾಣದ ವಿಷಯ.

ಪ್ರಾಣದ ವಿಷಯವಾದ ಮೇಲೆ, ಯಾರ ಮನೆಗೆ ಮೊದಲು ಎಂಬ ಪ್ರಶ್ನೆಯು ಏಳುತ್ತದೆ. ಲೋಕದಲ್ಲಿ ನಡೆದುಬಂದಿರುವ ಕ್ರಮವು ಹೀಗಿದೆ: ಮೊದಲು ದೊಡ್ಡ ಮಾರ್ಗಗಳನ್ನೂ ಉಪಕೇಂದ್ರಗಳನ್ನೂ, ಆಸ್ಪತ್ರೆ ಮತ್ತು ನೀರಿನ ಪಂಪುಗಳನ್ನು ಸರಿಪಡಿಸುವುದು, ಬಳಿಕ ಹೆಚ್ಚು ಮನೆಗಳಿಗೆ ಒಮ್ಮೆಗೇ ಬೆಳಕು ಕೊಡುವ ತಂತಿಗಳನ್ನು, ಕಟ್ಟಕಡೆಗೆ ಒಂದೊಂದೇ ಮನೆಯ ತಂತಿಯನ್ನು. ಸಂಖ್ಯಾದೃಷ್ಟಿಯಿಂದ ಇದು ಸರಿಯಾದುದು. ಆದರೆ ಕೊನೆಯ ಕಂಬದಾಚೆಯ ತೋಟದ ಮನೆಯಲ್ಲಿ ಉಸಿರಾಟದ ಯಂತ್ರವನ್ನು ನೆಚ್ಚಿಕೊಂಡ ರೋಗಿಯೊಬ್ಬನಿದ್ದರೆ? ಸಂಖ್ಯೆಯು ಅವನನ್ನು ಕಾಣದು. ಅವನನ್ನು ಕಾಣಬೇಕಾದವರು ನೆರೆಯವರು. ಬೆಳಕು ಮೊದಲು ಬಂದ ಮನೆಯವನು, ತನ್ನ ಸರದಿಯು ಮುಗಿಯಿತೆಂದು ಬಾಗಿಲು ಹಾಕಿಕೊಳ್ಳದೆ, ಕೊನೆಯ ಮನೆಯವನನ್ನು ತನ್ನಲ್ಲಿಗೆ ಕರೆತರುವುದೇ ಇದಕ್ಕೆ ಸಮಾಧಾನ. ಕ್ರಮದ ಕಠಿಣತೆಯನ್ನು ದಯೆಯೇ ತುಂಬಿಕೊಡಬೇಕು.

ಇನ್ನೊಂದು ವಿಷಯವು ಇದಕ್ಕಿಂತ ಗಹನವಾಗಿದೆ. ಉಳ್ಳವನು ತನ್ನ ಮನೆಗೊಂದು ಜನರೇಟರನ್ನು ತರುತ್ತಾನೆ, ಇದರಲ್ಲಿ ದೋಷವಿಲ್ಲ. ಆದರೆ ಬೀದಿಯ ತಂತಿಯಿಂದ ಮನೆಯನ್ನು ಬೇರ್ಪಡಿಸುವ ಸ್ವಿಚ್ಚನ್ನು ಹಾಕಿಸದೆ ಅದನ್ನು ನಡೆಸಿದನಾದರೆ, ಅವನ ಮನೆಯ 230 ವೋಲ್ಟಿನ ವಿದ್ಯುತ್ತು ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರನ್ನು ಹೊಕ್ಕು, 11,000 ವೋಲ್ಟಾಗಿ ಆಚೆಯ ತಂತಿಗೆ ಏರಬಲ್ಲದು. ಆ ತಂತಿಯು ಸತ್ತಿದೆಯೆಂದು ನಂಬಿ, ಸುರಿವ ಮಳೆಯಲ್ಲಿ ಕಂಬದ ಮೇಲಿರುವವನು ಲೈನ್‌ಮನ್ನು. ತನ್ನ ಮನೆಯ ದೀಪವನ್ನು ತಾನೇ ನೋಡಿಕೊಂಡೆನೆಂದು ಹೆಮ್ಮೆಪಡುವವನು, ಊರಿನ ದೀಪವನ್ನು ನೋಡಿಕೊಳ್ಳುತ್ತಿರುವವನ ಪ್ರಾಣವನ್ನು ಅರಿಯದೆಯೇ ತೆಗೆಯಬಹುದು. ಫೋನಿನ ಮೇಲೆ ಫೋನುಮಾಡಿ, ಬೈದು, ಬೆದರಿಸಿ ಅವನನ್ನು ಅವಸರಪಡಿಸುವವರೂ ಈ ಪಾಪದಲ್ಲಿ ಪಾಲುಗಾರರೇ. ತಂತಿಯನ್ನು ಪರೀಕ್ಷಿಸಿ ಭೂಮಿಗೆ ಜೋಡಿಸುವ ಹತ್ತು ನಿಮಿಷವನ್ನು ಅವಸರವು ಮೊದಲು ಕದಿಯುತ್ತದೆ.

ಆದುದರಿಂದ ಸಿದ್ಧಾಂತವು ಇಷ್ಟು. ವಿದ್ಯುತ್ತನ್ನು ಕೊಡುವವರ ಧರ್ಮವು ಎರಡು: ಗಾಳಿ ಬರುವುದಕ್ಕೆ ಮುಂಚೆ ಕ್ಷೇಮಕಾರ್ಯವನ್ನು ಮಾಡಿ ಮುಗಿಸುವುದು, ಗಾಳಿ ಬಂದ ಮೇಲೆ ಸತ್ಯವನ್ನು ಹೇಳುವುದು. “ಈಗ ಬರುತ್ತದೆ” ಎಂಬ ಸುಳ್ಳಿಗಿಂತ “ನಾಳೆ ಮಧ್ಯಾಹ್ನದ ಮೇಲೆ” ಎಂಬ ಕಹಿಯಾದ ನಿಜವು ಮೇಲು. ಅದನ್ನು ಕೇಳಿದವನು ರೋಗಿಯನ್ನು ಬೇರೆಡೆಗೆ ಸಾಗಿಸಿಯಾನು, ಔಷಧವನ್ನು ತಂಪಿನಲ್ಲಿಡಲು ದಾರಿ ಹುಡುಕಿಯಾನು. ಪಡೆಯುವವರ ಧರ್ಮವೂ ಎರಡು: ಒಂದೆರಡು ದಿನದ ಕತ್ತಲೆಗೆ ಬೇಕಾದ ನೀರು, ದೀಪ, ಔಷಧಗಳನ್ನು ಮೊದಲೇ ಅಣಿಮಾಡಿಕೊಳ್ಳುವುದು, ಕಂಬದ ಮೇಲಿನವನ ಪ್ರಾಣಕ್ಕಿಂತ ತಮ್ಮ ಕಾಯುವಿಕೆಯು ದೊಡ್ಡದಲ್ಲವೆಂದು ತಿಳಿಯುವುದು.

ಹೊಸಲಿನ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಒಟ್ಟಿಗೆ ಬೆಳಗುತ್ತದೆಂಬುದು ದೇಹಲೀದೀಪದ ದೃಷ್ಟಾಂತ. ಮನೆಯ ವಿದ್ಯುದ್ದೀಪವೂ ಅಂತಹುದೇ. ಅದು ಉರಿಯುವುದು ಒಳಗೆ. ಅದನ್ನು ಉರಿಸುವವರು ಹೊರಗೆ ಮಳೆಯಲ್ಲಿದ್ದಾರೆ.