ಸಾವಕಾಶದ ನ್ಯಾಯ

'ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ' ಅಂತ ನಮ್ಮ ಹಿರೀಕರು ಹೇಳುತ್ತಾರೆ. ವಾಯಿದೆ ಮೇಲೆ ವಾಯಿದೆಗೆ ಅಲೆದು, ಕೊನೆಗೆ ಹೊಲ ಮಾರಿ ಹೊಲದ ತೀರ್ಪು ಪಡಕೊಂಡವರ ಮಾತು ಅದು. ಈ ಗಾದೆಯನ್ನು ಅಮೆರಿಕದ ಕಪ್ಪು ಜನರ ಕೋರ್ಟು ಚರಿತ್ರೆಯ ಪಕ್ಕದಲ್ಲಿಟ್ಟು ನೋಡೋಣ ಅಂತ ನಾವು ಹೊರಟಿದ್ದೇವೆ. ಅಲ್ಲಿ ಸೋತದ್ದಕ್ಕಿಂತ ಗೆದ್ದದ್ದೇ ನಮ್ಮನ್ನು ಹೆಚ್ಚು ಕಾಡುತ್ತಿದೆ.

1954ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟು, ಕಪ್ಪು ಮಕ್ಕಳಿಗೊಂದು ಶಾಲೆ ಬಿಳಿ ಮಕ್ಕಳಿಗೊಂದು ಶಾಲೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಒಂಬತ್ತು ಜನ ನ್ಯಾಯಾಧೀಶರದೂ ಒಂದೇ ಮಾತು. ಅದು ಬ್ರೌನ್ ತೀರ್ಪು. ನಾವು ಓದಿದ ಪುಸ್ತಕಗಳು ಅಲ್ಲಿಗೆ ಪಾಠ ಮುಗಿಸಿಬಿಡುತ್ತವೆ. ನಮ್ಮ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಒಬ್ಬನಿಗೆ ಅನ್ಯಾಯ ಆಗಿದೆ ಅಂತ ನ್ಯಾಯಾಧೀಶರೇ ಒಪ್ಪಿಕೊಂಡ ಮೇಲೆ 'ಇನ್ನೊಂಚೂರು ದಿನ ತಡಕೋ' ಅಂತ ಅವನಿಗೆ ಹೇಳುವ ಹಕ್ಕು ಯಾರಿಗಾದರೂ ಇದೆಯೆ? ಆ ಒಂಚೂರು ದಿನದ ಸಾಲ ಯಾರ ಲೆಕ್ಕಕ್ಕೆ ಬೀಳುತ್ತೆ?

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಡ್ರೆಡ್ ಸ್ಕಾಟ್ ಅನ್ನುವ ಗುಲಾಮ 1846ರಲ್ಲಿ ಸೇಂಟ್ ಲೂಯಿಸಿನ ಕೋರ್ಟಿನಲ್ಲಿ ದಾವೆ ಹೂಡಿದ. ಗುಲಾಮಗಿರಿ ಇಲ್ಲದ ಸೀಮೆಗೆ ಧಣಿಯೇ ನನ್ನನ್ನು ಕರಕೊಂಡು ಹೋಗಿ ಇಟ್ಟಿದ್ದ, ಹಾಗಾಗಿ ನಾನು ಸ್ವತಂತ್ರ ಅನ್ನೋದು ಅವನ ವಾದ. ಅವನ ಹೆಂಡತಿ ಹ್ಯಾರಿಯೆಟ್ ತನ್ನದೇ ಬೇರೆ ದಾವೆ ಹಾಕಿದ್ದಳು. ಹನ್ನೊಂದು ವರ್ಷ ಕಳೆದವು. 1857ರಲ್ಲಿ ಮುಖ್ಯ ನ್ಯಾಯಾಧೀಶ ರೋಜರ್ ಟಾನಿ ಹೇಳಿದ್ದು ಇಷ್ಟು: ಆಫ್ರಿಕದಿಂದ ಹಿಡಿದು ತಂದವರ ಸಂತತಿ ಈ ದೇಶದ ಪ್ರಜೆಯೇ ಅಲ್ಲ, ಆದ್ದರಿಂದ ಈ ಕೋರ್ಟಿನ ಮೆಟ್ಟಿಲು ಹತ್ತುವ ಹಕ್ಕೂ ಅವನಿಗಿಲ್ಲ. ಹನ್ನೊಂದು ವರ್ಷ ಕಾಯಿಸಿದ ಮೇಲೆ, ನೀನು ಕಾಯೋದಕ್ಕೂ ಯೋಗ್ಯನಲ್ಲ ಅಂದ ಹಾಗೆ. ಈ ತೀರ್ಪನ್ನು ಅಳಿಸಿದ್ದು ಇನ್ನೊಂದು ತೀರ್ಪಲ್ಲ. ಅಂತರ್ಯುದ್ಧ ನಡೆದು ಲಕ್ಷಗಟ್ಟಲೆ ಜನ ಸತ್ತ ಮೇಲೆ 1865ರಲ್ಲಿ ಮತ್ತು 1868ರಲ್ಲಿ ಬಂದ ಸಂವಿಧಾನ ತಿದ್ದುಪಡಿಗಳು ಅದನ್ನು ಅಳಿಸಿದವು. ಡ್ರೆಡ್ ಸ್ಕಾಟ್ 1858ರಲ್ಲೇ ಕ್ಷಯದಿಂದ ತೀರಿಕೊಂಡಿದ್ದ.

ಪ್ಲೆಸ್ಸಿ ಮೊಕದ್ದಮೆಯನ್ನು ನಾವು ಇನ್ನೂ ಹತ್ತಿರದಿಂದ ನೋಡಬೇಕು. ಹೋಮರ್ ಪ್ಲೆಸ್ಸಿ ನ್ಯೂ ಆರ್ಲಿಯನ್ಸಿನವ, ಬೂಟು ಹೊಲಿಯುವ ಕಸುಬಿನವ. (ಚರ್ಮ ಮುಟ್ಟಿ ಬದುಕುವ ನಮ್ಮವರು ಈ ಮಾತಲ್ಲಿ ಒಂದು ಗಳಿಗೆ ನಿಲ್ಲಬಹುದು.) ಅವನ ಹಿರಿಯರಲ್ಲಿ ಎಂಟಕ್ಕೆ ಏಳು ಪಾಲು ಬಿಳಿಯರೇ. ನೋಡಿದವರಿಗೆ ಬಿಳಿಯನಂತೆಯೇ ಕಾಣುತ್ತಿದ್ದ. 1892ರ ಜೂನ್ 7ರಂದು ಅವನು ಟಿಕೀಟು ತಗೊಂಡು ಬಿಳಿಯರ ರೈಲುಬೋಗಿಯಲ್ಲಿ ಕೂತ. ಎಂಟನೇ ಒಂದು ಪಾಲಿನ ಮಾತನ್ನು ಹೊರಗೆ ಬಿಟ್ಟ. ಹಿಡಿದು ಇಳಿಸಿದರು. ಇದೇನೂ ಆಕಸ್ಮಿಕ ಅಲ್ಲ. ಆ ಊರಿನ ನಾಗರಿಕರ ಸಮಿತಿ ಮೊದಲೇ ಕೂತು ಮಾತಾಡಿ, ದುಡ್ಡು ಕೂಡಿಸಿ, ಹಿಡಿಯುವವನನ್ನೂ ತಾನೇ ಗೊತ್ತುಮಾಡಿ ನಡೆಸಿದ ಹೋರಾಟ ಅದು. ರೈಲು ಕಂಪನಿಗೂ ವಿಷಯ ಗೊತ್ತಿತ್ತು. ಎರಡೆರಡು ಬೋಗಿ ಓಡಿಸುವ ಖರ್ಚು ಅವರಿಗೂ ಬೇಡವಾಗಿತ್ತು, ಜಾತಿಗಿಂತ ಲಾಭ ದೊಡ್ಡದು!

1896ರಲ್ಲಿ ತೀರ್ಪು ಬಂತು. ಬೇರೆ ಬೇರೆ ಕೂರಿಸಿದರೂ ಸಮವಾಗಿ ಕೂರಿಸಿದರೆ ತಪ್ಪಿಲ್ಲ ಅಂತ. ಅದರಲ್ಲಿ ನ್ಯಾಯಾಧೀಶರು ಬರೆದ ಒಂದು ವಾದ ಇದೆ, ಅದನ್ನು ಓದಿದಾಗ ನಮಗೆ ರಕ್ತ ಕುದಿಯಿತು. ಬೇರೆ ಕೂರಿಸುವುದು ಕೀಳು ಮಾಡಿದಂತೆ ಅಂತ ಕಪ್ಪು ಜನ ಹೇಳುತ್ತಾರಲ್ಲ, ಆ ಕೀಳುತನ ಕಾನೂನಿನಲ್ಲಿ ಇಲ್ಲವೇ ಇಲ್ಲ, ಅವರೇ ಹಾಗಂತ ಅರ್ಥ ಮಾಡಿಕೊಂಡಿದ್ದಾರೆ. ಅಂದರೆ ಅವಮಾನ ನಿನ್ನ ತಲೆಯೊಳಗಿದೆ! ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವನು 'ನಾನೇನು ಬೈದೆನಾ? ಟೀ ಒಂದೇ ಅಲ್ವಾ?' ಅಂತ ಕೇಳುವ ಧಾಟಿ ಇದು.

ಎಂಟು ಜನರಲ್ಲಿ ಒಬ್ಬ ಮಾತ್ರ ಒಪ್ಪಲಿಲ್ಲ. ಜಾನ್ ಮಾರ್ಷಲ್ ಹಾರ್ಲನ್. ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದಿಂದ ಬಂದವನು. ಅವನು ತನ್ನ ಭಿನ್ನಮತದಲ್ಲಿ, ಸಂವಿಧಾನದ ಕಣ್ಣಿಗೆ ಬಣ್ಣ ಕಾಣಿಸದು, ಈ ದೇಶದಲ್ಲಿ ಜಾತಿ ಅನ್ನೋದು ಇಲ್ಲ ಅಂತ ಬರೆದ. ಹೌದು ಗೆಳೆಯರೇ, ಜಾತಿ ಅನ್ನುವ ಪದವನ್ನೇ ಬಳಸಿದ. ಅದೇ ಭಿನ್ನಮತದಲ್ಲಿ ಚೀನಾದವರನ್ನು ಪ್ರಜೆಗಳಾಗಲು ಬಿಡದಷ್ಟು ನಮಗಿಂತ ಬೇರೆಯಾದ ಜನಾಂಗ ಅಂತಲೂ ಬರೆದ. ದೊಡ್ಡ ಮಾತು ಹೇಳಿದ ಬಾಯಲ್ಲೇ ಇದೂ ಬಂತು. ಪ್ಲೆಸ್ಸಿ 1897ರಲ್ಲಿ ತಪ್ಪೊಪ್ಪಿಕೊಂಡು 25 ಡಾಲರ್ ದಂಡ ಕಟ್ಟಿದ. ಲೂಸಿಯಾನದ ರಾಜ್ಯಪಾಲರು ಅವನನ್ನು ಕ್ಷಮಿಸಿದ್ದು 2022ರ ಜನವರಿಯಲ್ಲಿ. ಅವನು ಸತ್ತು ತೊಂಬತ್ತಾರು ವರ್ಷ ದಾಟಿತ್ತು. ಯಾರು ಯಾರನ್ನು ಕ್ಷಮಿಸಬೇಕಿತ್ತು ಅನ್ನೋದು ಬೇರೆ ಮಾತು.

ಈಗ ಬ್ರೌನ್ ತೀರ್ಪಿಗೆ ಬರೋಣ. ಅದು ಒಂದೇ ಮೊಕದ್ದಮೆ ಅಲ್ಲ, ಬೇರೆ ಬೇರೆ ರಾಜ್ಯಗಳ ದಾವೆಗಳನ್ನು ಸೇರಿಸಿ ಕಟ್ಟಿದ ಕಂತೆ. ಅದರಲ್ಲಿ ಒಂದು ಸೌತ್ ಕ್ಯಾರೊಲಿನಾದ ಕ್ಲಾರೆಂಡನ್ ಕೌಂಟಿಯದು. ಅಲ್ಲಿನ ಕಪ್ಪು ರೈತರು ಮೊದಲು ಕೇಳಿದ್ದು ಸಮಾನತೆಯನ್ನಲ್ಲ, ಒಂದು ಬಸ್ಸನ್ನು. ಬಿಳಿ ಮಕ್ಕಳಿಗೆ ಶಾಲೆಗೆ ಹೋಗೋದಕ್ಕೆ ಬಸ್ಸಿತ್ತು. ಇವರ ಮಕ್ಕಳು ಮೈಲುಗಟ್ಟಲೆ ನಡೆಯುತ್ತಿದ್ದರು. ಕೊಡಲಿಲ್ಲ. ಅರ್ಜಿ ದೊಡ್ಡದಾಯಿತು. ಅರ್ಜಿಗೆ ಮೊದಲ ಹೆಸರು ಕೊಟ್ಟ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳಕೊಂಡ, ಅವನ ಹೆಂಡತಿ ಇಲೈಜಾ ಹೋಟೆಲಿನ ಕೆಲಸ ಕಳಕೊಂಡಳು. ಮುಂದೆ ನಿಂತಿದ್ದ ಪಾದ್ರಿ ಜೋಸೆಫ್ ಡಿಲೇನ್ ಮೇಷ್ಟ್ರೂ ಆಗಿದ್ದರು. ಅವರ ಕೆಲಸ ಹೋಯಿತು, ಮನೆ ಸುಟ್ಟಿತು, ಚರ್ಚು ಸುಟ್ಟಿತು. ತೀರ್ಪು ಗೆದ್ದ ಮರುವರ್ಷ, 1955ರಲ್ಲಿ, ಅವರು ಪ್ರಾಣ ಉಳಿಸಿಕೊಳ್ಳಲು ರಾಜ್ಯವನ್ನೇ ಬಿಟ್ಟು ಹೋಗಬೇಕಾಯಿತು. ಗೆದ್ದೋನು ಸೋತ ಅಂದರೆ ಇದು.

ಇನ್ನೊಂದು ದಾವೆ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯದು. ಫಾರ್ಮ್‌ವಿಲ್ ಊರಿನ ಮೋಟನ್ ಹೈಸ್ಕೂಲನ್ನು 180 ಮಕ್ಕಳಿಗೆ ಅಂತ ಕಟ್ಟಿದ್ದರು. ಅಲ್ಲಿ 450ಕ್ಕೂ ಹೆಚ್ಚು ಮಕ್ಕಳನ್ನು ತುರುಕಿದ್ದರು. ಉಳಿದವರಿಗೆ ಟಾರು ಕಾಗದ ಹೊದಿಸಿದ ಶೆಡ್ಡುಗಳು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಅನ್ನುವ ಹದಿನಾರು ವರ್ಷದ ಹುಡುಗಿ ಎಲ್ಲ ಮಕ್ಕಳನ್ನೂ ಸಭೆ ಸೇರಿಸಿ, ಮೇಷ್ಟ್ರುಗಳನ್ನು ಹೊರಗೆ ಕಳಿಸಿ, ಶಾಲೆ ಬಹಿಷ್ಕಾರಕ್ಕೆ ಕರೆ ಕೊಟ್ಟಳು. ಅವರಿಗೆ ಬೇಕಾಗಿದ್ದದ್ದು ಒಳ್ಳೇ ಕಟ್ಟಡ. ಬಂದ ವಕೀಲರು, ಕಟ್ಟಡ ಕೇಳೋದಾದರೆ ನಾವಿಲ್ಲ, ಬೇರ್ಪಡಿಸೋದನ್ನೇ ಪ್ರಶ್ನೆ ಮಾಡೋದಾದರೆ ಇದ್ದೇವೆ ಅಂದರು. ಮಕ್ಕಳು ಮತ್ತು ಹೆತ್ತವರು ಒಪ್ಪಿದರು. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇವೆ.

ಕಪ್ಪು ಜನರ ಪರ ವಾದಿಸಿದ ತರ್ಗುಡ್ ಮಾರ್ಷಲ್ ಮತ್ತವರ ಗೆಳೆಯರು ಗೊಂಬೆಗಳ ಸಾಕ್ಷಿಯನ್ನೂ ಕೋರ್ಟಿನ ಮುಂದಿಟ್ಟರು. ಮನಶ್ಶಾಸ್ತ್ರಜ್ಞರಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿ, ಕಪ್ಪು ಮಕ್ಕಳ ಮುಂದೆ ಕರಿ ಗೊಂಬೆ ಬಿಳಿ ಗೊಂಬೆ ಇಟ್ಟು ಯಾವುದು ಚೆಂದ, ಯಾವುದು ಕೆಟ್ಟದ್ದು ಅಂತ ಕೇಳುತ್ತಿದ್ದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆಯನ್ನೇ ಚೆಂದ ಅಂದರು. ಇದನ್ನು ಓದುವಾಗ ನಮಗೆ ಗಂಟಲು ಕಟ್ಟುತ್ತದೆ, ಒಂದು ಅನುಮಾನವೂ ಏಳುತ್ತದೆ. 1896ರಲ್ಲಿ ಅವಮಾನ ನಿನ್ನ ಮನಸ್ಸಲ್ಲಿದೆ ಅಂದರು. ಐವತ್ತೆಂಟು ವರ್ಷ ಆದ ಮೇಲೆ ಆ ಮನಸ್ಸನ್ನೇ ಬಗೆದು, ನೋಡಿ ಸ್ವಾಮಿ ಗಾಯ ಆಗಿದೆ ಅಂತ ತೋರಿಸಬೇಕಾಯಿತು. ಒಂದು ವೇಳೆ ಆ ಮಕ್ಕಳು ಗಟ್ಟಿ ಮಕ್ಕಳಾಗಿದ್ದು, ಕರಿ ಗೊಂಬೆಯನ್ನೇ ಎತ್ತಿ ಎದೆಗೊತ್ತಿಕೊಂಡಿದ್ದರೆ? ಆಗ ಬೇರೆ ಶಾಲೆ ಸರಿಯಾಗಿಬಿಡುತ್ತಿತ್ತೆ? ಅನ್ಯಾಯಕ್ಕೆ ಒಳಗಾದವನು ಮುರಿದುಹೋಗಿದ್ದರೆ ಮಾತ್ರ ಅದು ಅನ್ಯಾಯವೆ? ನಿನ್ನನ್ನು ನೀನು ಕೀಳಾಗಿ ತೋರಿಸಿಕೋ, ಆಗ ಮೇಲೆತ್ತುತ್ತೇವೆ ಅನ್ನುವ ಕರುಣೆ ನಮಗೆ ಗೊತ್ತಿಲ್ಲದ್ದೇನಲ್ಲ. ತೀರ್ಪು ಕಪ್ಪು ಮಗುವಿನ ಎದೆಯ ಗಾಯದ ಬಗ್ಗೆ ಬರೆಯಿತು. ಬೇರೆ ಶಾಲೆಯಲ್ಲಿ ಕೂತು ತಾನೇ ಮೇಲು ಅಂತ ಕಲಿತ ಬಿಳಿ ಮಗುವಿನ ಬಗ್ಗೆ ಬರೆಯಲಿಲ್ಲ.

ಸರಿ, ತೀರ್ಪು ಬಂತು. ಯಾವಾಗಿಂದ ಜಾರಿ? ಅದನ್ನು ಹೇಳಲಿಲ್ಲ. ಮತ್ತೆ ವಾದ ಕೇಳಿ 1955ರ ಮೇ 31ರಂದು ಅದೇ ಕೋರ್ಟು ಇನ್ನೊಂದು ಆದೇಶ ಕೊಟ್ಟಿತು. ಅದರಲ್ಲಿದ್ದ ನುಡಿಯನ್ನು ಕನ್ನಡಕ್ಕೆ ತಂದರೆ 'ವಿವೇಚನೆಯಿಂದ ಕೂಡಿದ ಎಲ್ಲ ವೇಗದಲ್ಲಿ' ಅಂತ ಆಗುತ್ತೆ. ವೇಗ ಅನ್ನೋದನ್ನ ಕಪ್ಪು ಜನರಿಗೆ ಕೊಟ್ಟರು, ವಿವೇಚನೆ ಅನ್ನೋದನ್ನ ಬಿಳಿಯರಿಗೆ ಕೊಟ್ಟರು. ಗಡುವು ಇಲ್ಲ, ತಾರೀಖು ಇಲ್ಲ. ನಮ್ಮ ಊರಿನ ಮಾತಲ್ಲಿ ಹೇಳಿದರೆ 'ಆಗ್ಲಿ, ನೋಡಾನ'.

ಹಸು ಕದ್ದವನನ್ನು ಪಂಚಾಯ್ತಿಗೆ ಕರೆಸುತ್ತಾರೆ ಅಂತ ಇಟ್ಟುಕೊಳ್ಳಿ. ಹೌದಪ್ಪಾ, ಹಸು ನಿಂದಲ್ಲ, ಆದರೆ ನಿನ್ನ ಮನಸ್ಸಿಗೆ ಬೇಜಾರಾಗದ ಹಾಗೆ ಸಾವಕಾಶವಾಗಿ ಹಿಂದಕ್ಕೆ ಕೊಡು, ಅಲ್ಲೀವರೆಗೂ ಹಾಲು ಕರಕೋ ಅಂತ ಯಾವ ಪಂಚಾಯ್ತಿ ಹೇಳುತ್ತೆ? ಹಸುವನ್ನಾದರೂ ಹತ್ತು ವರ್ಷ ಬಿಟ್ಟು ಹಿಂದಕ್ಕೆ ಕೊಡಬಹುದು. 1954ರಲ್ಲಿ ಏಳು ವರ್ಷದ ಮಗುವಿಗೆ 1964ರಲ್ಲಿ ಹದಿನೇಳು. ಆ ಹತ್ತು ವರ್ಷವನ್ನು ಯಾರು ತಂದುಕೊಡುತ್ತಾರೆ? ದಕ್ಷಿಣದ ಹನ್ನೊಂದು ರಾಜ್ಯಗಳಲ್ಲಿ 1964ರ ಹೊತ್ತಿಗೂ ಬಿಳಿ ಮಕ್ಕಳ ಜತೆ ಕೂತು ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಇಬ್ಬರನ್ನೂ ಮೀರಿರಲಿಲ್ಲ. ಶಾಲೆಗಳನ್ನು ಒಂದುಮಾಡಿದ ಕಡೆ ಕಪ್ಪು ಶಾಲೆಗಳನ್ನು ಮುಚ್ಚಿ ಸಾವಿರಾರು ಕಪ್ಪು ಮೇಷ್ಟ್ರುಗಳನ್ನು ಮನೆಗೆ ಕಳಿಸಿದರು. ಇದನ್ನು ಓದುತ್ತಿರುವ ಮೇಷ್ಟ್ರುಗಳಿಗೆ ಹೆಚ್ಚು ಹೇಳಬೇಕಾಗಿಲ್ಲ.

ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ವಿವೇಚನೆಯನ್ನು ಕೊನೇ ತನಕ ಎಳೆದರು. ಇನ್ನು ತಪ್ಪಿಸಿಕೊಳ್ಳಲು ಆಗದು ಅಂತ ಆದಾಗ, 1959ರಲ್ಲಿ, ಸರ್ಕಾರಿ ಶಾಲೆಗಳಿಗೆ ದುಡ್ಡು ಕೊಡೋದನ್ನೇ ನಿಲ್ಲಿಸಿ ಎಲ್ಲ ಶಾಲೆಗೂ ಬೀಗ ಹಾಕಿದರು. ಬಿಳಿಯರಿಗೆ ಖಾಸಗಿ ಶಾಲೆ ಎದ್ದಿತು, ಅದಕ್ಕೆ ಸರ್ಕಾರದ ಸಹಾಯಧನವೂ ಹರಿಯಿತು. ಸುಮಾರು 1,700 ಕಪ್ಪು ಮಕ್ಕಳಿಗೆ ಶಾಲೆಯೇ ಇಲ್ಲವಾಯಿತು. ಕೆಲವರನ್ನು ಬೇರೆ ಊರಿನ ನೆಂಟರ ಮನೆಗೆ ಕಳಿಸಿದರು. ಚರ್ಚಿನ ನೆಲಮಾಳಿಗೆಯಲ್ಲಿ ಅಕ್ಷರ ಹೇಳಿಕೊಟ್ಟರು. ಬಹಳ ಮಕ್ಕಳು ತಂಬಾಕಿನ ಹೊಲಕ್ಕೆ ಹೋದರು. ಐದು ವರ್ಷ! 1964ರಲ್ಲಿ ಸುಪ್ರೀಂ ಕೋರ್ಟು, ವಿವೇಚನೆ ಅತಿಯಾಯಿತು ವೇಗ ಸಾಲದಾಯಿತು ಅಂತ ತಾನೇ ಬರೆದು ಶಾಲೆ ತೆರೆಸಿತು. ತಾನು ಕೊಟ್ಟ ಪದವನ್ನು ತಾನೇ ಹಿಂದಕ್ಕೆ ತಗೊಂಡಂತೆ.

ಇಲ್ಲಿ ಒಂದು ವಾದ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕೋರ್ಟಿಗೆ ಸೈನ್ಯ ಇಲ್ಲ, ಖಜಾನೆ ಇಲ್ಲ, ಸಮಾಜ ಒಪ್ಪದಿದ್ದರೆ ತೀರ್ಪು ಬರೀ ಕಾಗದ ಅಂತ. ನಿಜ. 1957ರಲ್ಲಿ ಲಿಟ್ಲ್ ರಾಕ್ ಊರಿನ ಶಾಲೆಗೆ ಒಂಬತ್ತು ಕಪ್ಪು ಮಕ್ಕಳು ಹೋಗೋದಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಬಾಬಾಸಾಹೇಬರು ಇದನ್ನು ಮೊದಲೇ ಹೇಳಿದ್ದರು. 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆಯವರ ಬಗ್ಗೆ ಮಾತಾಡುತ್ತಾ, ಹಕ್ಕುಗಳನ್ನು ಕಾಯುವುದು ಕಾನೂನಲ್ಲ, ಸಮಾಜದ ಅಂತಃಸಾಕ್ಷಿ ಅಂದರು. ಅಮೆರಿಕದ ಕಪ್ಪು ಜನರಿಗೂ ಇಲ್ಲಿನ ಅಸ್ಪೃಶ್ಯರಿಗೂ ಮೂಲಭೂತ ಹಕ್ಕಿನಿಂದ ಏನು ಉಪಯೋಗ ಅಂತ ಒಂದೇ ಉಸಿರಲ್ಲಿ ಕೇಳಿದರು. ಹಾಗೆ ಕೇಳಿದವರು ಸುಮ್ಮನೆ ಕೂರಲಿಲ್ಲ. ಬ್ರೌನ್ ತೀರ್ಪಿಗೆ ನಾಲ್ಕು ವರ್ಷ ಮೊದಲೇ ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಸಾವಕಾಶವಾಗಿ ರದ್ದು ಮಾಡುತ್ತೇವೆ ಅಂತ ಅದರಲ್ಲಿ ಬರೆದಿಲ್ಲ. ಸಮಾಜ ಬದಲಾಗದೆ ಕಾನೂನು ನಿಲ್ಲದು ಅನ್ನುವ ಮಾತನ್ನು ಕಾಯುತ್ತಿರುವವನು ಹೇಳಿದರೆ ಎಚ್ಚರಿಕೆ, ಕಾಯಿಸುತ್ತಿರುವವನು ಹೇಳಿದರೆ ನೆಪ. 1955ರ ಕೋರ್ಟು ಕಾಯಿಸುವವರ ಬಾಯಿಂದ ಆ ಮಾತು ಕೇಳಿಸಿಕೊಂಡಿತು.

ಆದರೆ ಗಡುವು ಇಡೋದು ಅವರಿಗೆ ಬರೋದಿಲ್ಲ ಅಂತಲ್ಲ. 2003ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ, ಕಾಲೇಜು ಪ್ರವೇಶಕ್ಕೆ ಜನಾಂಗವನ್ನೂ ಪರಿಗಣಿಸಬಹುದು, ಆದರೆ ಇನ್ನು 25 ವರ್ಷಕ್ಕೆ ಅದರ ಅಗತ್ಯ ಇರಲಾರದು ಅಂತ ಅದೇ ಸುಪ್ರೀಂ ಕೋರ್ಟು ಬರೆಯಿತು. ಆ 25 ತುಂಬುವುದನ್ನೂ ಕಾಯಲಿಲ್ಲ. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಯಲ್ಲಿ ಅಂಥ ಪ್ರವೇಶ ಪದ್ಧತಿಯನ್ನು ರದ್ದು ಮಾಡಿತು. ರದ್ದು ಮಾಡುವಾಗ ನೆನೆಸಿಕೊಂಡದ್ದು ಯಾರನ್ನು? ಹಾರ್ಲನ್ನನನ್ನು, ಅವನ ಬಣ್ಣ ಕಾಣದ ಸಂವಿಧಾನವನ್ನು. ಬೋಗಿಯಿಂದ ಇಳಿಸಿದವನ ಪರವಾಗಿ ಬರೆದ ಮಾತು ಈಗ ಬೋಗಿ ಹತ್ತುವವನ ಎದುರಿಗೆ ನಿಂತಿದೆ. ಅನ್ಯಾಯ ತೆಗೆಯೋದಕ್ಕೆ ಗಡುವಿಲ್ಲ, ಪರಿಹಾರಕ್ಕೆ ಮಾತ್ರ ಗಡುವು. 'ಇನ್ನೆಷ್ಟು ವರ್ಷ ನಿಮಗೆ ಮೀಸಲಾತಿ?' ಅಂತ ಹಾಸ್ಟೆಲಿನಲ್ಲೂ ಸ್ಟಾಫ್‌ರೂಮಿನಲ್ಲೂ ಕೇಳಿಸಿಕೊಂಡ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಹಾಗಾದರೆ ಕೋರ್ಟಿಗೆ ಹೋಗಲೇಬಾರದೆ? ಗಾದೆ ಹೇಳಿದ ಹಿರೀಕರೇ ಹೋಗುತ್ತಿದ್ದರಲ್ಲ! ಕ್ಲಾರೆಂಡನ್ನಿನವರು ಹೋಗದಿದ್ದರೆ, ಬಾರ್ಬರಾ ಜಾನ್ಸ್ ಕ್ಲಾಸಿನಲ್ಲಿ ಸುಮ್ಮನೆ ಕೂತಿದ್ದರೆ, ಒಂಬತ್ತು ಜನ ನ್ಯಾಯಾಧೀಶರು ಎಲ್ಲಿಂದ ನ್ಯಾಯ ಬರೆಯುತ್ತಿದ್ದರು? ತೀರ್ಪು ಅವರ ಕೈಗೆ ಬಂದ ಒಂದು ಹಾರೆ. ಅಗೆಯೋದು ಬಾಕಿ ಇತ್ತು, ಅವರೇ ಅಗೆದರು. ನಮ್ಮ ತಕರಾರು ಹಾರೆಯ ಬಗ್ಗೆ ಅಲ್ಲ. ಹಾರೆ ಕೈಗಿಟ್ಟು, ನೆಲ ನೋಯದ ಹಾಗೆ ಅಗೆ ಅಂದವರ ಬಗ್ಗೆ.

ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಬೀಗ ಬಿದ್ದಾಗ ಶಾಲೆ ಕಳಕೊಂಡವರಿಗೆ 2003ರಲ್ಲಿ ಗೌರವ ಸರ್ಟಿಫಿಕೇಟು ಕೊಟ್ಟರು. 2004ರಲ್ಲಿ ವರ್ಜೀನಿಯಾ ರಾಜ್ಯ, ನಿಂತುಹೋದ ಓದನ್ನು ಮತ್ತೆ ಶುರುಮಾಡೋದಕ್ಕೆ ಅಂಥವರಿಗೆ ವಿದ್ಯಾರ್ಥಿವೇತನ ಗೊತ್ತುಮಾಡಿತು. ಬೀಗ ಬಿದ್ದಾಗ ಆರು ವರ್ಷದ ಮಗುವಾಗಿದ್ದವರಿಗೆ ಆಗ ಐವತ್ತೊಂದು. ಅಂಥವರಲ್ಲಿ ಕೆಲವರು ಅರ್ಜಿ ಹಾಕಿದರು, ಪುಸ್ತಕ ಹಿಡಕೊಂಡು ಕ್ಲಾಸಿಗೆ ಹೋಗಿ ಕೂತರು.