ತಂಪು ಕನ್ನಡಕದ ಹಿಂದಿನ ಕಣ್ಣು

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೈದರಾಬಾದಿಗೆ ಬಂದವರಿಗೆ, ತಂಪು ಕನ್ನಡಕ ಬರೀ ಷೋಕಿಯ ವಸ್ತುವಲ್ಲ ಎಂಬುದು ಮೊದಲ ಏಪ್ರಿಲ್‌ನಲ್ಲೇ ತಿಳಿಯುತ್ತದೆ. (ಕಲಬುರಗಿ, ರಾಯಚೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.) ರಾಯದುರ್ಗ ಮೆಟ್ರೊ ನಿಲ್ದಾಣದಿಂದ ಕೆಳಗಿಳಿದರೆ ಸಾಕು, ಗಾಜಿನ ಕಟ್ಟಡಗಳಿಂದ ಪುಟಿದ ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಆಗ ಬೇಕಾಗುವುದು ಹಾಕಿಕೊಂಡದ್ದೇ ಮರೆತುಹೋಗುವಂಥ ಒಂದು ಸಾದಾ ಕನ್ನಡಕ.

ಸಾದಾತನದಲ್ಲೂ ಜಂಬವಿರಬಹುದು. ಹೆಸರು, ಗುರುತು ಯಾವುದೂ ಕಾಣದ ದುಬಾರಿ ಚೌಕಟ್ಟನ್ನು ಕಂಡುಹಿಡಿಯಬಲ್ಲವರು ನಮ್ಮ ಆಫೀಸುಗಳಲ್ಲೇ ಇದ್ದಾರೆ. ಅದು ಅವರಿಗಾಗಿಯೇ ಮಾಡಿದ್ದು. ಆದರೆ ಕನ್ನಡಕದ ನಿಜವಾದ ಗುಣ ಯಾರಿಗೂ ಕಾಣುವಂಥದ್ದಲ್ಲ. 400 ನ್ಯಾನೊಮೀಟರ್‌ವರೆಗಿನ ಅತಿನೇರಳೆ ಕಿರಣಗಳನ್ನು ಗಾಜು ತಡೆಯುತ್ತದೆಯೇ ಎಂಬುದಷ್ಟೇ ಮುಖ್ಯ. ಬರೀ ಬಣ್ಣ ಕಪ್ಪಾಗಿದ್ದರೆ ಅಪಾಯವೇ ಹೆಚ್ಚು: ಕತ್ತಲೆಂದು ಪಾಪೆ ಹಿಗ್ಗುತ್ತದೆ, ಕಿರಣ ಸಲೀಸಾಗಿ ಒಳಗಿಳಿಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಒಂದು ತಕರಾರು ಉಳಿಯುತ್ತದೆ. ತಂಪು ಕನ್ನಡಕದ ಹಿಂದಿನಿಂದ ನಾವು ನೋಡುತ್ತೇವೆ, ನಮ್ಮ ನೋಟ ಮಾತ್ರ ಯಾರಿಗೂ ಸಿಗುವುದಿಲ್ಲ. ಸಿಗ್ನಲ್‌ನಲ್ಲಿ ಕೈಚಾಚಿ ಬಂದವರನ್ನು ನೋಡಿಯೂ ನೋಡದಂತೆ ಇರುವುದಕ್ಕೆ ಇದಕ್ಕಿಂತ ಅನುಕೂಲದ ಸಾಧನ ಇನ್ನೊಂದಿಲ್ಲ. ಮನೆಯೊಳಗೂ, ಲಿಫ್ಟಿನಲ್ಲೂ ಅದನ್ನು ತೆಗೆಯದವರ ಬಗ್ಗೆ ನನಗೆ ಸಣ್ಣ ಅನುಮಾನ.

ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಬೆಂಜೋನಿ ಕೆತ್ತಿದ ‘ಮುಸುಕಿನ ರೆಬೆಕಾ’ ಇದೆ. ಒಂದನೇ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡದ್ದು. ಮುಸುಕೂ ಅಮೃತಶಿಲೆ, ಮುಖವೂ ಅಮೃತಶಿಲೆ; ಆದರೂ ಮುಸುಕಿನೊಳಗಿಂದ ಮುಖ ಕಾಣುತ್ತದೆ. ಮರೆ ಇದ್ದೂ ಮನುಷ್ಯರು ಮರೆಯಾಗದೆ ಇರುವುದೆಂದರೆ ಹೀಗೆ. ಪೊರೆಯ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂರುವ ನಮ್ಮೂರ ಅಜ್ಜಂದಿರೂ ಹಾಗೇ. ಅವರು ಏನನ್ನೋ ಅಡಗಿಸುತ್ತಿದ್ದಾರೆಂದು ಯಾರಿಗೂ ಅನಿಸುವುದಿಲ್ಲ.

ಬಿಸಿಲಿನ ಅತಿನೇರಳೆ ಕಿರಣಗಳೂ ಆ ಪೊರೆಗೆ ಒಂದು ಕಾರಣ. ಹತ್ತು ನಿಮಿಷ ನಡೆದು ಎ.ಸಿ. ಸೇರುವ ನಮ್ಮ ಬಳಿ ಒಳ್ಳೆಯ ಗಾಜಿದೆ. ರಸ್ತೆಬದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಲ್ಲಂಗಡಿ ಮಾರುವವನ ಬಳಿ ಇರುವುದು ತಲೆಗೆ ಸುತ್ತಿದ ಒಂದು ಟವೆಲ್. ನಾವು ಕನ್ನಡಕ ತೆಗೆಯದೆಯೇ ರೇಟು ಕೇಳುತ್ತೇವೆ. ಅವನು ಹುಬ್ಬಿನ ಮೇಲೆ ಅಂಗೈ ಮರೆಮಾಡಿ, ಕಣ್ಣು ಕಿರಿದು ಮಾಡಿಕೊಂಡು, ನಮ್ಮ ಕಣ್ಣು ಎಲ್ಲಿದೆಯೆಂದು ಹುಡುಕುತ್ತಾನೆ.