ಹೆಗ್ಗಣದ ಮುದ್ದು ಮತ್ತು ಹಳೆಯ ವಿಂಚೆಸ್ಟರ್

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಪೆನ್ಸಿಲ್ವೇನಿಯಾದ ಕೋವಿ ಅಂಗಡಿಗಳಲ್ಲಿ ನೆನಪಾಗುವಷ್ಟು ನನಗೆ ಬೇರೆಲ್ಲೂ ನೆನಪಾಗುವುದಿಲ್ಲ. ಇಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಯಾಡುವ ಕಾಲ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ ಶುರುವಾಗುತ್ತದೆ. 2018ರವರೆಗೆ ಹಬ್ಬದ ನಂತರದ ಸೋಮವಾರ ಮೊದಲ ದಿನವಾಗಿತ್ತು, ಎಷ್ಟೋ ಶಾಲೆಗಳು ಅವತ್ತು ರಜೆ ಕೊಡುತ್ತಿದ್ದವು. ಈಗ ಅದು ಶನಿವಾರಕ್ಕೆ ಬಂದಿದೆ. ಅದಕ್ಕೆ ಒಂದೆರಡು ತಿಂಗಳು ಮುಂಚಿನಿಂದಲೇ ಅಂಗಡಿಯ ಸೆಕೆಂಡ್‌ಹ್ಯಾಂಡ್ ಸಾಲಿಗೆ ಹಳೆಯ ಲಿವರ್ ಆ್ಯಕ್ಷನ್ ರೈಫಲ್‌ಗಳು ಒಂದೊಂದಾಗಿ ಬರತೊಡಗುತ್ತವೆ. ಮನೆಯ ಹಿರಿಯ ತೀರಿಕೊಂಡಿರುತ್ತಾನೆ, ಮನೆ ಮಾರಾಟಕ್ಕಿರುತ್ತದೆ, ಮಕ್ಕಳು ಫಿಲಡೆಲ್ಫಿಯಾದಲ್ಲೋ ಪಿಟ್ಸ್‌ಬರ್ಗ್‌ನಲ್ಲೋ ನೆಲೆಸಿ ಬೇಟೆ ಬಿಟ್ಟಿರುತ್ತಾರೆ. ಮಗಳೊಬ್ಬಳು ಕಂಬಳಿಯಲ್ಲಿ ಸುತ್ತಿದ ಕೋವಿಯನ್ನು ಕೌಂಟರ್ ಮೇಲಿಟ್ಟು ‘ಇದು ನಮ್ಮಪ್ಪನದು’ ಎನ್ನುತ್ತಾಳೆ. ಅಂಗಡಿಯವನು ಲಿವರ್ ಎಳೆದು, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ಅವಳು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಬೆಲೆ ಹೇಳುತ್ತಾನೆ. ಅವಳ ಮುಖ ಸಪ್ಪಗಾಗುತ್ತದೆ. ಸುತ್ತ ನಿಂತವರು ಮುಗುಳ್ನಗುತ್ತಾರೆ. ಆ ನಗೆಗೆ ಕನ್ನಡ ಬರುತ್ತಿದ್ದರೆ ಅದು ಈ ಗಾದೆಯನ್ನೇ ಆಡುತ್ತಿತ್ತು.

ನನ್ನ ತಕರಾರು ಆ ನಗೆಯ ಬಗ್ಗೆ.

ಈ ಗಾದೆಯನ್ನು ನಾವು ಹೆಚ್ಚಾಗಿ ಚುಚ್ಚಲು ಬಳಸುತ್ತೇವೆ. ಪಕ್ಕದ ಮನೆಯವರು ಮಗನ ಹಾಡನ್ನು ಹೊಗಳಿದರೆ, ಯಾರೋ ತಾನು ಬರೆದ ಪದ್ಯವನ್ನು ತಾನೇ ಮೆಚ್ಚಿ ಓದಿದರೆ, ಬೆನ್ನ ಹಿಂದೆ ಇದು ಬರುತ್ತದೆ. ಮಮತೆ ಕಣ್ಣು ಕಟ್ಟುತ್ತದೆ ಎಂಬುದೇ ಇದರ ಅರ್ಥವೆಂದು ಶಾಲೆಯ ಗಾದೆ ವಿಸ್ತರಣೆಯಲ್ಲೂ ಬರೆಸುತ್ತಾರೆ. ಇನ್ನೊಂದು ಅರ್ಥ ಸ್ವಲ್ಪ ಮೃದು: ಅವರವರದು ಅವರವರಿಗೆ ಚೆಂದ, ನಮಗೇಕೆ ಉಸಾಬರಿ. ಇದು ಜಗಳ ತಪ್ಪಿಸಲು ಆಡುವ ಮಾತು, ವ್ಯಾಖ್ಯಾನ ಎನ್ನಿಸಿಕೊಳ್ಳಲಾರದು. ಮೊದಲನೆಯದಂತೂ ಗಾದೆಯನ್ನು ಸರಿಯಾಗಿ ಕೇಳಿಸಿಕೊಳ್ಳದವರ ಅರ್ಥ. ಹೆತ್ತವರ ಕಣ್ಣಿಗೆ ಹೆಗ್ಗಣ ಮೊಲವಾಗಿ ಕಾಣುತ್ತದೆಂದು ಗಾದೆ ಎಲ್ಲಿ ಹೇಳಿದೆ? ಹೆಗ್ಗಣ ಹೆಗ್ಗಣವಾಗಿಯೇ ಇದೆ, ಹಾಗಿದ್ದೂ ಮುದ್ದಾಗಿದೆ. ಅದರ ಮೂತಿ, ಬಾಲ, ಗೋಡೆ ಕೊರೆಯುವ ಚಾಳಿ, ಎಲ್ಲವನ್ನೂ ಅತಿ ಹತ್ತಿರದಿಂದ ಬಲ್ಲವರು ಹೆತ್ತವರೇ. ಊರಿನವರು ಕಂಡದ್ದು ಒಂದು ಕ್ಷಣ, ಇವರು ಕಂಡದ್ದು ಹಗಲೂ ರಾತ್ರಿ. ಕಣ್ಣು ತೆರೆದ ಮಮತೆಯನ್ನು ಈ ಗಾದೆ ಹೇಳುತ್ತಿದೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಹಳೆಯ ರೈಫಲ್ ಕೊಳ್ಳ ಹೊರಟವರಿಗೆ ಇದಕ್ಕಿಂತ ಉಪಯೋಗದ ಬುದ್ಧಿಮಾತು ಇನ್ನೊಂದಿಲ್ಲ.

ಕೌಂಟರಿಗೆ ಬರುವವುಗಳಲ್ಲಿ ಬಹುಪಾಲು ವಿಂಚೆಸ್ಟರ್ 94, ಇಲ್ಲವೇ 1948ರಲ್ಲಿ ಬಂದ ಮಾರ್ಲಿನ್ 336. ಎಲ್ಲೋ ಒಮ್ಮೆ ಸ್ಯಾವೇಜ್ 99. ವಿಂಚೆಸ್ಟರ್ 94ನ್ನು ರೂಪಿಸಿದವನು ಯೂಟಾದ ಆಗ್ಡೆನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಅದು 1894ರಲ್ಲಿ ಹೊರಬಂತು. ಮರುವರ್ಷ ಹೊಗೆಯಿಲ್ಲದ ಮದ್ದಿನ .30-30 ತೋಟಾ ಅದರ ಜೊತೆಯಾಯಿತು. ಕನೆಕ್ಟಿಕಟ್‌ನ ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚುವ ಹೊತ್ತಿಗೆ ಇಂಥವು 70 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಹತ್ತು ಲಕ್ಷನೆಯ ಕೋವಿಯನ್ನು 1927ರಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್‌ಗೆ ಕಾಣಿಕೆ ಕೊಟ್ಟರು. ಇಷ್ಟೊಂದು ಸಂಖ್ಯೆಯಲ್ಲಿರುವ ವಸ್ತುವಿಗೆ ಅಪರೂಪವೆಂಬ ಹೆಗ್ಗಳಿಕೆ ಇಲ್ಲ. ಅದು ರೈತನ, ಮರ ಕಡಿಯುವವನ, ಗಣಿ ಕಾರ್ಮಿಕನ ಕೋವಿ. ಮೂರು ಕಿಲೋ ತೂಕ, ಜೀನಿನ ಪಕ್ಕದ ಚೀಲಕ್ಕೂ ಟ್ರಕ್ಕಿನ ಸೀಟಿನ ಹಿಂದಕ್ಕೂ ಹೊಂದುವ ಚಪ್ಪಟೆ ಮೈ. ಲಿವರನ್ನು ಕೆಳಗೆ ತಳ್ಳಿದರೆ ಖಾಲಿ ತೋಟಾದ ಕವಚ ಮೇಲಕ್ಕೆ ಹಾರುತ್ತದೆ, ಹ್ಯಾಮರ್ ಹಿಂದಕ್ಕೆ ಕೂರುತ್ತದೆ. ಮೇಲಕ್ಕೆ ಎಳೆದರೆ ಹೊಸ ತೋಟಾ ಒಳಸೇರುತ್ತದೆ. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೆ ಇನ್ನೊಂದರ ಮೂತಿ ತಾಗಿ ಸಾಲಾಗಿ ಮಲಗಿರುವುದರಿಂದ ಗುಂಡಿನ ತುದಿ ಚಪ್ಪಟೆಯಾಗಿರಬೇಕು. ಚೂಪಾಗಿದ್ದರೆ ಮುಂದಿನದರ ಪ್ರೈಮರ್‌ಗೆ ಬಡಿದು ಕೊಳವೆಯಲ್ಲೇ ಸಿಡಿಯುವ ಅಪಾಯವುಂಟು. ಹಾಗಾಗಿ ಇದರ ಹೊಡೆತ ಬಹಳ ದೂರದ್ದಲ್ಲ, 150 ಗಜ ಎಂದಿಟ್ಟುಕೊಳ್ಳಿ. ಅಪಲೇಶಿಯನ್ ಕಾಡಿನ ಒತ್ತಾದ ಮರಗಳ ನಡುವೆ ಜಿಂಕೆ ಕಾಣುವುದೇ ಅದರ ಅರ್ಧ ದೂರಕ್ಕೆ.

ಇಂಥ ಕೋವಿಯನ್ನು ಹಿಡಿದು ನಡೆಯುವಾಗ ತೂಕ ಸರಿಯಾಗಿ ತೂಗುವ ಜಾಗ ಲಿವರ್, ಬೋಲ್ಟ್ ಕೂರುವ ಲೋಹದ ಒಡಲಾದ ರಿಸೀವರಿನ ಅಡಿಭಾಗ, ಟ್ರಿಗರ್‌ಗಿಂತ ತುಸು ಮುಂದೆ. ವರ್ಷಗಟ್ಟಲೆ ಅಲ್ಲೇ ಹಿಡಿದರೆ ಬ್ಲೂಯಿಂಗಿನ ಕಡುಬಣ್ಣ ಸವೆದು ಉಕ್ಕು ಬೂದಾಗುತ್ತದೆ. ಅಪ್ಪನ ಬೆರಳುಗಳು ಎಲ್ಲಿದ್ದವೆಂದು ಅಲ್ಲಿ ಓದಬಹುದು. ಮಗನಿಗೆ ಎಟುಕಲೆಂದು ಹಿಂದಿನ ಮರದ ಹಿಡಿಯನ್ನು ಇಂಚಿನಷ್ಟು ಕೊಯ್ದಿರುತ್ತಾರೆ, ಅವನು ಬೆಳೆದ ಮೇಲೆ ರಬ್ಬರ್ ಪ್ಯಾಡ್ ಕೂರಿಸಿ ಉದ್ದ ತುಂಬಿರುತ್ತಾರೆ. ವಯಸ್ಸಾಗಿ ಕಣ್ಣು ಮಂಜಾದಾಗ ರಿಸೀವರಿನ ಪಕ್ಕಕ್ಕೆ ತೂತು ಕೊರೆದು ಲೈಮನ್ ಅಥವಾ ವಿಲಿಯಮ್ಸ್ ಕಂಪನಿಯ ಪೀಪ್ ಸೈಟ್ ಹಾಕಿಸಿರುತ್ತಾರೆ. ಸಂಗ್ರಾಹಕರ ಲೆಕ್ಕದಲ್ಲಿ ಇವೆಲ್ಲ ದೋಷಗಳು, ಒಂದೊಂದಕ್ಕೂ ಇಷ್ಟಿಷ್ಟು ಡಾಲರ್ ಕಡಿತ. ಅವರಿಗೆ ಬೇಕಾದದ್ದು ಯಾರೂ ಮುಟ್ಟದ, ಕಾಡು ಕಾಣದ, ಕಾರ್ಖಾನೆಯ ಪೆಟ್ಟಿಗೆಯಲ್ಲೇ ಮುದಿಯಾದ ಕೋವಿ. ಬೇಟೆಗೆಂದು ಮಾಡಿದ್ದನ್ನು ಬೇಟೆಗೆ ಒಯ್ಯದೇ ಇಟ್ಟಿದ್ದಕ್ಕೆ ಬಹುಮಾನ ಕೊಡುವ ಈ ಅಳತೆಗೋಲು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಕೊಯ್ದ ಹಿಡಿ ಒಂದು ಮನೆತನದ ಎರಡು ತಲೆಮಾರನ್ನು ಹೇಳುತ್ತದೆ, ಅದಕ್ಕೆ ಬೆಲೆ ಕಡಿಮೆ ಮಾಡುವವರು ಏನನ್ನು ಕೊಳ್ಳುತ್ತಿದ್ದಾರೆ?

ಹಾಗೆಂದು ಕತೆಗೆ ಕರಗಿ ಕಣ್ಣುಮುಚ್ಚಿ ಕೊಳ್ಳುವುದನ್ನು ಗಾದೆ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹೆಗ್ಗಣವೆಂದು ಗೊತ್ತಿರಬೇಕು. ಮೊದಲು ಲಿವರ್ ತೆರೆದು ಕೋವಿ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಬೇಕು. ನಳಿಗೆಯೊಳಗಿನ ಸುರುಳಿಗೆರೆಗಳು ಚೂಪಾಗಿವೆಯೇ, ತುಕ್ಕಿನ ಗುಳಿಗಳಿವೆಯೇ, ನಳಿಗೆಯ ತುದಿ ಪೆಟ್ಟು ತಿಂದಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಲಿವರ್ ಮುಚ್ಚಿದಾಗ ಬೋಲ್ಟಿನ ಬೆನ್ನಿಗೆ ಏರಿ ನಿಲ್ಲುವ ಲಾಕಿಂಗ್ ಬ್ಲಾಕ್ ಪೂರ್ತಿ ಮೇಲೆ ಬಂದು ಕೂರಬೇಕು. ಹಾಫ್ ಕಾಕ್‌ನಲ್ಲಿ ಎಂದರೆ ಅರ್ಧ ಹಿಂದಕ್ಕೆ ಎಳೆದ ನಿಲುವಿನಲ್ಲಿ, ಹ್ಯಾಮರ್ ಕದಲದೆ ನಿಲ್ಲಬೇಕು. ಹಳೆಯ 94ರಲ್ಲಿ ಬೇರೆ ಸೇಫ್ಟಿ ಇಲ್ಲ, ಅಡ್ಡ ಗುಂಡಿಯ ಸೇಫ್ಟಿ ಬಂದದ್ದು 1990ರ ದಶಕದಲ್ಲಿ. ಸ್ಕ್ರೂಗಳ ತಲೆ ಹರಿದಿದ್ದರೆ ಅರ್ಧಂಬರ್ಧ ಬಲ್ಲವರು ಯಾರೋ ಒಳಗೆ ಕೈ ಹಾಕಿದ್ದಾರೆಂದೇ ಅರ್ಥ. ಹಿಡಿ ಲೋಹಕ್ಕೆ ಸೇರುವಲ್ಲಿ ಬಿರುಕಿದ್ದರೆ ಹೊಡೆದಷ್ಟೂ ಅದು ಬೆಳೆಯುತ್ತದೆ. ಕೊನೆಗೆ, ಮುಚ್ಚಿದ ಬೋಲ್ಟಿಗೂ ತೋಟಾದ ನೆಲೆಗೂ ನಡುವಿನ ಅಂತರವಾದ ಹೆಡ್‌ಸ್ಪೇಸ್ ಅಳತೆಯನ್ನು ಗನ್‌ಸ್ಮಿತ್ ಗೇಜಿನಿಂದ ನೋಡಿ ಸರಿ ಎನ್ನುವವರೆಗೆ ಒಂದು ಗುಂಡನ್ನೂ ಹಾರಿಸಬಾರದು. ಅಜ್ಜನದೆಂಬ ಪ್ರೀತಿಯಿಂದ ಇದನ್ನೆಲ್ಲ ಬಿಟ್ಟುಬಿಡುವವರು ಮುಖಕ್ಕೇ ಅಪಾಯ ತಂದುಕೊಳ್ಳುತ್ತಾರೆ. ತೊಂದರೆ ಬಲ್ಲ ತಾಯಿಯೇ ಮಗುವನ್ನು ವೈದ್ಯರ ಬಳಿಗೆ ಎತ್ತಿಕೊಂಡು ಓಡುವವಳು.

ಇಲ್ಲಿನ ಅಂಗಡಿಗಳಲ್ಲಿ ಒಂದು ಮಾತು ಓಡಾಡುತ್ತದೆ: ಕೋವಿ ಕೊಳ್ಳು, ಕತೆ ಕೊಳ್ಳಬೇಡ. ಇದರಲ್ಲಿ ಅರ್ಧ ನಿಜವಿದೆ. ಪ್ರಸಿದ್ಧ ದರೋಡೆಕೋರನದು, ಇಂಥ ಯುದ್ಧದಲ್ಲಿದ್ದದ್ದು ಎಂದು ಯಾರಾದರೂ ಹೇಳಿದರೆ ಕಾಗದ ಕೇಳಲೇಬೇಕು. ವಯೋಮಿಂಗ್‌ನ ಕೋಡಿ ಊರಿನ ಸಂಗ್ರಹಾಲಯದಲ್ಲಿ ವಿಂಚೆಸ್ಟರ್ ಕಾರ್ಖಾನೆಯ ಹಳೆಯ ದಾಖಲೆಗಳಿವೆ, ಹಳೆಯ ಸೀರಿಯಲ್ ನಂಬರುಗಳಿಗೆ ಅಲ್ಲಿಂದ ಪತ್ರ ಸಿಗುತ್ತದೆ. ಉಳಿದರ್ಧವನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯನ ಕತೆ ಕೋವಿಯ ಮೈಮೇಲೇ ಇರುತ್ತದೆ, ಮಾರುವವರ ಬಾಯಿಗೆ ಅದು ಕಾಯುವುದಿಲ್ಲ.

ಇದಕ್ಕೊಂದು ನಿದರ್ಶನವಿದೆ. 2014ರ ನವೆಂಬರಿನಲ್ಲಿ ನೆವಾಡದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಪುರಾತತ್ವದವರು ಒಂದು ಜುನಿಪರ್ ಮರಕ್ಕೆ ಒರಗಿ ನಿಂತಿದ್ದ ರೈಫಲ್ ಕಂಡರು. 1873ರ ಮಾದರಿಯ ವಿಂಚೆಸ್ಟರ್. ಬಿಸಿಲಿಗೆ ಮರ ಬೂದಾಗಿ ಸೀಳಿತ್ತು, ನಳಿಗೆ ತುಕ್ಕಾಗಿತ್ತು, ಹಿಡಿಯ ಬುಡ ಮಣ್ಣಿನಲ್ಲಿ ಹೂತಿತ್ತು. ಕೋಡಿಯ ದಾಖಲೆಗಳಲ್ಲಿ ನಂಬರು ಹುಡುಕಿದಾಗ ಅದು 1882ರಲ್ಲಿ ಕಾರ್ಖಾನೆಯಿಂದ ಹೊರಟದ್ದೆಂದು ಗೊತ್ತಾಯಿತು. ಯಾರು ಕೊಂಡರು, ಯಾರು ಒರಗಿಸಿ ಹೋದರು, ಯಾಕೆ ತಿರುಗಿ ಬರಲಿಲ್ಲ, ಯಾವುದಕ್ಕೂ ಉತ್ತರವಿಲ್ಲ. ಹಿಡಿಯೊಳಗಿನ ಪುಟ್ಟ ಗೂಡಿನಲ್ಲಿ ಒಂದೇ ಒಂದು ತೋಟಾ ಇತ್ತು. ಸಂರಕ್ಷಕರು ಉದುರುತ್ತಿದ್ದ ಮರವನ್ನು ಗಟ್ಟಿ ಮಾಡಿದರು, ಹೊಳಪು ಕೊಡಲಿಲ್ಲ. ಮಾರುವವರಿಲ್ಲ, ಹೊಗಳುವವರಿಲ್ಲ, ವಾರಸುದಾರರ ಹೆಸರಿಲ್ಲ. ಆದರೂ ದೇಶದ ಮೂಲೆಮೂಲೆಯ ಜನ ಅದನ್ನು ತಮ್ಮದೆಂಬಂತೆ ಹಚ್ಚಿಕೊಂಡರು.

ಹೆತ್ತವರೇ ಇಲ್ಲದ ಹೆಗ್ಗಣ ಹೇಗೆ ಮುದ್ದಾಯಿತು? ಇದಕ್ಕೆ ಉತ್ತರ ಗಾದೆಯ ಎರಡನೇ ಅರ್ಧದಲ್ಲಿದೆ. ಅದನ್ನು ಪೂರ್ತಿಯಾಗಿ ಹೇಳುವವರು ಈಗ ಕಡಿಮೆ: ಹೆತ್ತವರಿಗೆ ಹೆಗ್ಗಣ ಮುದ್ದು, ಕಟ್ಟಿಕೊಂಡವರಿಗೆ ಕೋಡಂಗಿ ಮುದ್ದು. ಹೆರದೆಯೂ ಮುದ್ದಿಸುವ ಹಕ್ಕನ್ನು ಗಾದೆ ಇಲ್ಲಿ ಕೊಟ್ಟುಬಿಟ್ಟಿದೆ. ಬೇರೆ ಮನೆಯಲ್ಲಿ ಬೆಳೆದವರನ್ನು, ಅವರ ಹಳೆಯ ಅಭ್ಯಾಸಗಳ ಸಮೇತ ಮನೆಗೆ ಕರೆದುಕೊಂಡು ಬಂದು ಬಾಳುವವರ ಮಾತಿದು. ಹಳೆಯ ಕೋವಿ ಕೊಳ್ಳುವವರು ಕಟ್ಟಿಕೊಂಡವರ ಸಾಲಿಗೆ ಸೇರಿದವರು. ಇನ್ನೊಬ್ಬರ ಅಪ್ಪನ ಮೇಲಿನ ಪ್ರೀತಿಯನ್ನು ದುಡ್ಡಿಗೆ ಕೊಳ್ಳಲಾಗುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಕೊಳ್ಳಲಾಗುವುದಿಲ್ಲ, ಸರಿ. ಎಣ್ಣೆ ಹಚ್ಚಿ, ಹೊತ್ತು, ಮಳೆಯಲ್ಲಿ ನೆನೆದು, ಅದರ ಗುರಿಯ ವಾಲಿಕೆ ತಿಳಿದು, ತನ್ನದೇ ಆದ ಇನ್ನೊಂದು ಪ್ರೀತಿಯನ್ನು ಅದರ ಪಕ್ಕದಲ್ಲಿ ಬೆಳೆಸಬಹುದು.

ಅಮೆರಿಕದಲ್ಲಿರುವ ಕನ್ನಡಿಗರು ನನ್ನನ್ನು ಆಗಾಗ ಕೇಳುವುದರಿಂದ ಇಲ್ಲೇ ಹೇಳುತ್ತೇನೆ. ಎಚ್-1ಬಿ ವೀಸಾದವರಿಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಕೋವಿ ಕೊಳ್ಳಲು ಬಿಡುವುದಿಲ್ಲ, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳುಂಟು. ಗ್ರೀನ್ ಕಾರ್ಡ್ ಇದ್ದವರು ಅಂಗಡಿಯಲ್ಲಿ ಫಾರಂ 4473 ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಕೋವಿಯ ಮೇಲಿನ ಈ ಮುದ್ದನ್ನು ಕಂಡು ಹುಬ್ಬೇರಿಸುವವರಿಗೆ ಕೊಡಗಿನ ಗೆಳೆಯರನ್ನು ವಿಚಾರಿಸಿ ಎನ್ನುತ್ತೇನೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುವ, ಮಗು ಹುಟ್ಟಿದ್ದನ್ನೂ ಹಿರಿಯರು ತೀರಿಕೊಂಡದ್ದನ್ನೂ ಗುಂಡು ಹಾರಿಸಿ ಊರಿಗೆ ತಿಳಿಸುವ ಮನೆಗಳವರಿಗೆ, ಕೋವಿಯೊಂದು ಒಕ್ಕದ, ಅಂದರೆ ಮನೆತನದ, ಸದಸ್ಯನಂತಿರುವುದು ವಿಚಿತ್ರವೆನಿಸದು.

ಇನ್ನು ರಿಬ್ಲೂಯಿಂಗ್. ಕೊಂಡವರಲ್ಲಿ ಎಷ್ಟೋ ಮಂದಿ ಮಾಡುವ ಮೊದಲ ಕೆಲಸ ಅದು: ಸವೆದ ಲೋಹವನ್ನು ತಿಕ್ಕಿ, ಹೊಸ ಕಪ್ಪು ಏರಿಸಿ, ಹಿಡಿಗೆ ಮರಳುಕಾಗದ ಹಾಕಿ ಉಜ್ಜುವುದು. ತಿಕ್ಕುವಾಗ ಅಂಚುಗಳು ದುಂಡಾಗುತ್ತವೆ, ನಳಿಗೆಯ ಮೇಲಿನ ಅಕ್ಷರಗಳು ಅಳಿಸುತ್ತವೆ. ಹೆಗ್ಗಣಕ್ಕೆ ಮೊಲದ ವೇಷ ಹಾಕುವವರು ಇವರು, ಇವರಿಗೆ ಅದು ಮುದ್ದಲ್ಲ. ತುಕ್ಕು ಹರಡುತ್ತಿದ್ದರೆ ಎಣ್ಣೆ ಮತ್ತು ಸಣ್ಣ ಉಕ್ಕಿನ ನಾರಿನಿಂದ ತಡೆಯಬೇಕು, ಅಷ್ಟು ಸಾಕು.

ಸಂಗ್ರಾಹಕರು ಎಳೆದ 1964ರ ಗೆರೆಯೂ ಅವರ ಅಳತೆಗೋಲಿನಂಥದ್ದೇ. ಆ ವರ್ಷ ವಿಂಚೆಸ್ಟರ್ ತಯಾರಿಕೆಯ ಖರ್ಚು ಇಳಿಸಲು ಹೊರಟಿತು. ಕೊರೆದು ರೂಪಿಸುತ್ತಿದ್ದ ತೋಟಾ ಎತ್ತುವ ಭಾಗ (ಲಿಫ್ಟರ್) ತಗಡಿನಿಂದ ಒತ್ತಿದ್ದಾಯಿತು, ಗಟ್ಟಿ ಪಿನ್ನುಗಳ ಜಾಗಕ್ಕೆ ಟೊಳ್ಳು ಪಿನ್ನುಗಳು ಬಂದವು, ರಿಸೀವರಿನ ಲೋಹ ಸಾಮಾನ್ಯ ಬ್ಲೂಯಿಂಗ್ ಹಿಡಿಯದಂಥದ್ದಾಯಿತು. ಅಂದಿನಿಂದ ‘ಪ್ರೀ-64’ ಎಂಬುದು ಮಂತ್ರವಾಗಿದೆ, ಆಮೇಲಿನವನ್ನು ಕೈಯಲ್ಲಿ ಮುಟ್ಟಲೂ ಒಲ್ಲದವರಿದ್ದಾರೆ. ಹಳೆಯವು ಹೆಚ್ಚು ಚೆನ್ನಾಗಿ ಮಾಡಿದವು, ಇದರಲ್ಲಿ ವಾದವಿಲ್ಲ. ಆದರೆ 1970ರ ದಶಕದಲ್ಲಿ ಮೊದಲ ಸಂಬಳ ಕೂಡಿಟ್ಟು ಕೊಂಡ ಹುಡುಗನಿಗೆ ಅದೇ ಅವನ ಕೋವಿ, ಅದರಿಂದಲೇ ಅವನು ಎಷ್ಟೋ ಚಳಿಗಾಲ ಮನೆಗೆ ಮಾಂಸ ತಂದ.

ನಾನು ಕೊಂಡದ್ದು ಆ ಕಾಲದ್ದೇ. ಟೊಳ್ಳು ಪಿನ್ನು, ತಗಡಿನ ಲಿಫ್ಟರ್, ಪಕ್ಕದಲ್ಲಿ ಕೊರೆದ ತೂತು, ಪೀಪ್ ಸೈಟ್, ಹಿಡಿಯ ತಳದಲ್ಲಿ ಚಾಕುವಿನಿಂದ ಕೆತ್ತಿದ ಎರಡು ಅಕ್ಷರ. ಲಿವರ್ ಗಲಗಲ ಎನ್ನುತ್ತದೆ. ಗನ್‌ಸ್ಮಿತ್ ಅಳತೆ ಮಾಡಿ ಸರಿ ಎಂದ ಮೇಲೆ ಹಣ ಕೊಟ್ಟೆ. ತಂದೆಯ ಆ ಕೋವಿಯನ್ನು ಮಾರಿದವನಿಗೆ ಅಂಗಡಿಯವನ ಕೈಯಲ್ಲಿ ಒಂದು ಚೀಟಿ ಕಳಿಸಿದೆ: ನಿಮ್ಮ ಮನೆಯಲ್ಲಿ ಮುಂದೆ ಯಾರಿಗಾದರೂ ಇದು ಬೇಕೆನಿಸಿದರೆ ನಾನು ಕೊಂಡ ಬೆಲೆಗೇ ವಾಪಸು ಕೊಡುತ್ತೇನೆ, ನಿಮ್ಮ ತಂದೆ ಯಾವ ಗುಂಡು ಬಳಸುತ್ತಿದ್ದರು? ಉತ್ತರ ಬಂತು. ಯಾವಾಗಲೂ 170 ಗ್ರೇನಿನದೇ, ಸೈಟನ್ನು ಅದಕ್ಕೇ ಹೊಂದಿಸಿದ್ದಾರೆ, ತಿರುಗಿಸಬೇಡಿ ಎಂದಿದ್ದ. ಗುರಿಮೈದಾನದಲ್ಲಿ ಅದೇ ಗುಂಡು ಹಾಕಿ 100 ಗಜಕ್ಕೆ ಹೊಡೆದು ನೋಡಿದೆ. ಗುರಿಯ ನೇರಕ್ಕೆ, ಎರಡಿಂಚು ಮೇಲೆ ಬೀಳುತ್ತಿವೆ. .30-30ಗೆ ಹಾಗೇ ಇರಬೇಕು.